ಅರವತ್ತು ಮಂದಿಗೆ ಒಬ್ಬಳೇ ಸಿಸ್ಟರ್

ಮಸ್ಕತ್‌ನಲ್ಲಿ ಹದಿನಾಲ್ಕು ವರ್ಷ ನರ್ಸಾಗಿದ್ದು ಹೊಸಪೇಟೆಗೆ ವಾಪಸ್ ಬಂದಾಗ, ಇನ್ನು ಮೇಲೆ ಕಾಲು ಚಾಚಿ ಕೂರುವುದೆಂದು ತೀರ್ಮಾನಿಸಿದ್ದೆ. ಆ ಸುಖ ಮೂರು ವಾರ ನಡೆಯಿತು. ನಾಲ್ಕನೆಯ ವಾರ ನಮ್ಮ ಓಣಿಯ ನರ್ಸಿಂಗ್ ಹೋಮಿನ ಇಬ್ಬರು ಹುಡುಗಿಯರು ಅರ್ಜಿ ಫಾರಂ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಅಕ್ಕಾರ, ಸೌದಿಗೆ ಹೋಗಾಕ ಇದರಾಗ ಏನ್ ಬರೀಬೇಕ್ರಿ?"

ನೋಡಿದೆ. ಅವರು ತುಂಬಿದ್ದೆಲ್ಲ ತಪ್ಪು. ಹುಟ್ಟಿದ ತಾರೀಖಿನ ಜಾಗದಲ್ಲಿ ಅಪ್ಪನ ಹೆಸರಿತ್ತು. ಚೆನ್ನಾಗಿ ಬೈದೆ. ಬೈಯುತ್ತಲೇ ಪೆನ್ನು ತೆಗೆದುಕೊಂಡೆ. ಅಲ್ಲಿಗೆ ನನ್ನ ವಿಶ್ರಾಂತಿ ಮುಗಿಯಿತು.

ಆಮೇಲೆ ಪ್ರತಿ ಭಾನುವಾರ ನಮ್ಮ ನಡುಮನೆಯೇ ತರಗತಿ. ಹೊರದೇಶದ ಆಸ್ಪತ್ರೆಗಳಿಗೆ ಹೋಗಬೇಕೆನ್ನುವ ಸಿಸ್ಟರುಗಳು ಕಂಪ್ಲಿಯಿಂದ, ಮರಿಯಮ್ಮನಹಳ್ಳಿಯಿಂದ, ವಡ್ಡುವಿನಿಂದ ಬರುತ್ತಿದ್ದರು. ಒಬ್ಬಳು ಬಾಳೆಗೊನೆ ತಂದರೆ ಇನ್ನೊಬ್ಬಳು ಬೆಲ್ಲ ತರುತ್ತಿದ್ದಳು. ಅದಿರಿನ ಲಾರಿಗಳು ದೊಡ್ಡ ರಸ್ತೆ ಜಾಮ್ ಆದಾಗಲೆಲ್ಲ ನಮ್ಮ ಮನೆಯ ಮುಂದಿನ ರಸ್ತೆಗೇ ನುಗ್ಗುತ್ತಿದ್ದ ಕಾಲ ಅದು. ಒಂದು ಪ್ರಶ್ನೆ ಕೇಳಿ ಉತ್ತರ ಕೇಳಿಸಿಕೊಳ್ಳಬೇಕಾದರೆ ನಾಲ್ಕು ಲಾರಿ ದಾಟುವವರೆಗೆ ಕಾಯಬೇಕು. ಪಾಠದಷ್ಟೇ ಹೊತ್ತು ನಾವು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಿದ್ದೆವು.

ನನ್ನ ಪಾಠಕ್ಕೆಲ್ಲ ಆಧಾರ ಒಂದು ಹಳೆಯ ನೋಟ್‌ಬುಕ್ಕು. ಮಸ್ಕತ್ತಿಗೆ ಹೋಗುವ ಮೊದಲು ನಾನೇ ಬರೆದುಕೊಂಡಿದ್ದ ಸಂದರ್ಶನದ ಪ್ರಶ್ನೋತ್ತರಗಳು ಅದರಲ್ಲಿದ್ದವು. ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತೀರಿ? ದೊಡ್ಡ ಸಂಖ್ಯೆ ಹೇಳಬೇಕು. ಕೆಲಸ ಹೆಚ್ಚಾದರೆ ಯಾರ ಸಹಾಯ ಕೇಳುತ್ತೀರಿ? ಯಾರದೂ ಬೇಡ, ನಾನೇ ನಿಭಾಯಿಸುತ್ತೇನೆ. ಎಂದಾದರೂ ತಪ್ಪು ಮಾಡಿದ್ದೀರಾ? ಇಲ್ಲ, ಎಂದೂ ಇಲ್ಲ. ಹುಡುಗಿಯರು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಹಾಗೆ ಒಪ್ಪಿಸಿಯೇ ಐದಾರು ಜನ ಗಲ್ಫಿಗೆ ಹೋಗಿದ್ದರು. ನನಗೂ ಸ್ವಲ್ಪ ಕೋಡು ಮೂಡಿತ್ತು ಅಂತಲೇ ಇಟ್ಟುಕೊಳ್ಳಿ.

ಐರ್ಲೆಂಡಿಗೆ ಹೋಗಬೇಕೆಂದು ಒಬ್ಬಳು ಬಂದದ್ದು ಸಂಡೂರಿನ ಬಸ್ಸಿನಲ್ಲಿ. ಗುಡ್ಡದ ಮೇಲಿನ ಒಂದು ಗಣಿಯ ಡಿಸ್ಪೆನ್ಸರಿಯಲ್ಲಿ ಎಂಟು ವರ್ಷದಿಂದ ಸಿಸ್ಟರು. ಗಂಡ ಅದೇ ಗಣಿಯಲ್ಲಿ ಜೆಸಿಬಿ ಓಡಿಸುತ್ತಿದ್ದ. ಒಬ್ಬಳೇ ಮಗಳು. ಸರ್ಟಿಫಿಕೇಟುಗಳ ಫೈಲನ್ನು ನನ್ನ ಟೇಬಲ್ಲಿನ ಮೇಲಿಟ್ಟು ತೆಗೆದಳು. ಅಲ್ಲಿ ಚೌಕಾಕಾರದ ಕೆಂಪು ಧೂಳು ಉಳಿಯಿತು. ನಾನು ಗುರಾಯಿಸಿದೆ. ಅವಳು ಸೆರಗಿನಿಂದಲೇ ಒರೆಸಿದಳು.

"ಬಿಳಿ ಯೂನಿಫಾರಂ ಹೊಲಿಸಿದ ದಿನ ಅಷ್ಟ ಬಿಳೀದ್ರಿ ಅಕ್ಕಾರ. ಆಮ್ಯಾಲ ಎಲ್ಲಾ ಗುಡ್ಡದ ಬಣ್ಣಾನ" ಎಂದು ನಕ್ಕಳು.

ಬಂದವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಯಾಕೆ ಹೋಗಬೇಕು? ಸಾಮಾನ್ಯವಾಗಿ ಮನೆ ಕಟ್ಟಿಸಬೇಕು, ತಮ್ಮನನ್ನು ಓದಿಸಬೇಕು ಎನ್ನುವ ಉತ್ತರ ಬರುತ್ತಿತ್ತು. ಇವಳದು ಬೇರೆಯೇ ಇತ್ತು.

"ನನ್ ಕಡೆ ಬಂದೋರು ಹತ್ತ್ ನಿಮಿಷ ಅಷ್ಟ ಇರ್ತಾರ್ರಿ. ರಕ್ತ ಒರಸ್ತೀನಿ, ಪಟ್ಟಿ ಕಟ್ತೀನಿ, ಜೀಪಿನಾಗ ಕುಂದ್ರಿಸಿ ಕೆಳಗ ದವಾಖಾನಿಗೆ ಕಳಸ್ತೀನಿ. ಆಮ್ಯಾಲ ಏನಾತು ಅಂತ ಗೊತ್ತ ಆಗಂಗಿಲ್ಲ. ಡ್ರೈವರ್‌ಗಳು ಇವತ್ತ್ ಇಲ್ಲಿ, ನಾಳೆ ಗೋವಾದಾಗ. ಎಂಟ್ ವರ್ಷದಾಗ ಒಬ್ಬರನ್ನೂ ಪೂರ್ತಿ ಆರಾಮ್ ಆಗಿದ್ದು ನೋಡಿಲ್ರಿ ನಾನು. ಹಾಸಿಗಿ ಮ್ಯಾಲ ಬಂದೋರು ನಡಕೊಂತ ಮನಿಗೆ ಹೋಗೋದು ಒಂದ್ ಸಲ ನೋಡಬೇಕ್ರಿ."

"ಅದಕ್ಕೆ ಐರ್ಲೆಂಡೇ ಬೇಕಾ? ಬಳ್ಳಾರಿಯಲ್ಲಿ ವಾರ್ಡುಗಳಿಲ್ಲವಾ?" ಎಂದು ಸಿಡುಕಿದೆ.

"ಕೋರ್ಸ್ ಮುಗಿಸಿದ ಹೊಸದರಾಗ ಎರಡ್ ವರ್ಷ ನರ್ಸಿಂಗ್ ಹೋಮಿನಾಗ ಇದ್ನಲ್ರಿ. ಅಲ್ಲಿ ಮುಖ ನೋಡಾಕ ಟೈಮ್ ಎಲ್ಲಿತ್ತು? ಬೆಡ್ ನಂಬರ್ ನೋಡ್ತಿದ್ವಿ."

ಅವಳ ಫೈಲು ಬಿಡಿಸಿದೆ. ಐರ್ಲೆಂಡಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯನ್ನು ಅವಳು ಮೂರನೆಯ ಸಲಕ್ಕೆ ಪಾಸು ಮಾಡಿದ್ದಳು. ಆ ಅಂಕಗಳು ಎರಡು ವರ್ಷ ಮಾತ್ರ ನಡೆಯುತ್ತವೆ. ಆಗಲೇ ಒಂದೂವರೆ ವರ್ಷ ಕಾಗದಪತ್ರಗಳಲ್ಲೇ ಕಳೆದುಹೋಗಿತ್ತು. "ಇನ್ನೊಂದ್ ಸಲ ಆ ಪರೀಕ್ಷಾಕ್ಕ ಕುಂದ್ರು ಅಂದ್ರ ಗಣಿಯಾಗ ಕಲ್ಲ್ ಒಡಿಯಾಕ ಹೋಗ್ತೀನ್ರಿ" ಎಂದಳು. ಕೈಯಲ್ಲಿ ಉಳಿದಿದ್ದದ್ದು ಆರು ತಿಂಗಳು.

ಮೂರನೆಯ ಭಾನುವಾರ ಕಂಪ್ಲಿಯಿಂದ ಅವಳ ಅತ್ತೆಯೂ ಬಂದರು. ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ, ಬಗಲಲ್ಲಿ ಸ್ಟೀಲ್ ಡಬ್ಬಿ. ಸೊಸೆಯನ್ನು ಬಿಡಿಸಿಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡು ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತೆ. ಅವರು ಡಬ್ಬಿ ತೆಗೆದು ಶೇಂಗಾ ಉಂಡೆ ಕೊಟ್ಟರು.

"ನಾ ಹುಟ್ಟಿದ್ದ ಕಂಪ್ಲಿ, ನನ್ನ ಕೊಟ್ಟಿದ್ದ ಕಂಪ್ಲಿ. ಹೊಳಿ ದಾಟಿ ಗಂಗಾವತಿಗೆ ಹೋದ್ರ ಅದ ನನಗ ಫಾರಿನ್ನು. ಇಕಿಯಾದ್ರೂ ಹೋಗ್ಲಿ ಬಿಡ್ರಿ. ಮೊಮ್ಮಗಳನ್ನ ನಾ ನೋಡಕೊಂತೀನಿ. ಆದ್ರ ನೀವು ಇಕಿಗಿ ಏನ್ ಕಲಸ್ತೀರಿ ಅಂತ ನಾ ನೋಡಬೇಕು."

ನೋಡುವುದಷ್ಟೇ ಅಲ್ಲ, ಅವರೇ ನಮ್ಮ ಕಾಯಂ ರೋಗಿಯಾದರು. ದಿವಾನದ ಮೇಲೆ ಅವರನ್ನು ಮಲಗಿಸಿ ಸೊಸೆ ಇಂಗ್ಲಿಷಿನಲ್ಲಿ ವಿಚಾರಿಸಬೇಕು, ಅವರು ನರಳಬೇಕು. ನರಳುವುದು ಅವರಿಗೆ ಬರುತ್ತಿರಲಿಲ್ಲ. ಎಲ್ಲಿ ನೋವು ಎಂದು ಕೇಳಿದರೆ ಮೊಣಕಾಲಿನಿಂದ ಶುರುಮಾಡಿ ಓಣಿಯ ನಳ, ಮಗನ ಗುಟ್ಕಾ ಎಲ್ಲ ಮುಟ್ಟಿ ಬರುತ್ತಿದ್ದರು. ಸೊಸೆ ನಕ್ಕು ನಕ್ಕು ಬಿಪಿ ಪಟ್ಟಿಯನ್ನು ನನ್ನ ತೋಳಿಗೆ ಸುತ್ತುತ್ತಿದ್ದಳು.

ಎರಡು ತಿಂಗಳ ಮೇಲೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸಂದರ್ಶನ ನಡೆಯಿತು. ಐರ್ಲೆಂಡಿನಿಂದ ಇಬ್ಬರು ಹಿರಿಯ ಸಿಸ್ಟರುಗಳು ಬಂದಿದ್ದರು. ಅವಳು ವಾಪಸ್ ಬಂದವಳೇ ಸೀದಾ ನಮ್ಮ ಮನೆಗೆ ಬಂದಳು.

"ಎಲ್ಲಾ ನೀವ್ ಹೇಳಿದಂಗ ಹೇಳೀನ್ರಿ ಅಕ್ಕಾರ! ಗಣಿಯಾಗ ದಿನಾ ಅರವತ್ತ್ ಮಂದಿ ಬರ್ತಾರಲ್ರಿ, ಎಲ್ಲಾರ್ನೂ ಒಬ್ಬಾಕಿನ ನೋಡ್ತೀನಿ ಅಂದೆ. ಅವರು ಇಬ್ಬರೂ ಕಣ್ಣ್ ದೊಡ್ಡದ್ ಮಾಡಿಬಿಟ್ರು!"

ಆ ಕಣ್ಣು ದೊಡ್ಡದಾದದ್ದು ಮೆಚ್ಚುಗೆಗೆ ಎಂದೇ ನಾನು ತಿಳಿದೆ. ಫಲಿತಾಂಶ ಬರುವ ಮೊದಲೇ ಓಣಿಗೆಲ್ಲ ಪೇಡೆ ಹಂಚಿದೆ.

ಹತ್ತು ದಿನಕ್ಕೆ ಬೆಂಗಳೂರಿನ ಏಜೆಂಟನಿಂದ ಇ-ಮೇಲ್ ಬಂತು, ಐರ್ಲೆಂಡಿನವರು ಬರೆದದ್ದನ್ನೇ ಅವನು ಕಳಿಸಿದ್ದ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದು, ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಿದೆ. ಇವರ ಅನುಭವ ಒಳ್ಳೆಯದು. ಆದರೆ ಅರವತ್ತು ರೋಗಿಗಳನ್ನು ಒಬ್ಬರೇ ನೋಡುವುದನ್ನು ಹೆಮ್ಮೆಯಿಂದ ಹೇಳುತ್ತಾರೆ. ಯಾರ ಸಹಾಯವೂ ಬೇಡ ಅನ್ನುತ್ತಾರೆ. ಎಂದೂ ತಪ್ಪು ಮಾಡಿಲ್ಲ ಅನ್ನುತ್ತಾರೆ. ಇಂಥವರ ಕೈಗೆ ನಮ್ಮ ರೋಗಿಗಳನ್ನು ಒಪ್ಪಿಸಲು ನಮಗೆ ಭಯವಾಗುತ್ತದೆ. ಬೇಕಿದ್ದರೆ ಮೂರು ವಾರ ಬಿಟ್ಟು ಫೋನಿನಲ್ಲಿ ಇನ್ನೊಮ್ಮೆ ಮಾತಾಡುತ್ತೇವೆ, ಅದೇ ಕೊನೆ.

ನನಗೆ ಮೈಯೆಲ್ಲ ಉರಿದುಹೋಯಿತು. ಕಾಗದವನ್ನು ಟೇಬಲ್ಲಿಗೆ ಬಡಿದೆ. ಕೆಲಸ ಮಾಡುವವಳನ್ನು ಕಂಡರೆ ಭಯವಂತೆ, ಇವರೇನು ಕೆಲಸಕ್ಕೆ ಜನ ಹುಡುಕುತ್ತಿದ್ದಾರೋ ಸೊಸೆ ಹುಡುಕುತ್ತಿದ್ದಾರೋ ಎಂದು ಇಡೀ ಐರ್ಲೆಂಡನ್ನೇ ಜಾಲಾಡಿದೆ. ಅವಳು ನಾನು ನಿಲ್ಲಿಸುವವರೆಗೆ ಕಾದಳು.

"ಆ ಮಾತು ನನ್ನವ್ ಅಲ್ಲಲ್ರಿ ಅಕ್ಕಾರ" ಎಂದಳು ಮೆಲ್ಲಗೆ.

ನಿಜವೇ. ಒಂದೊಂದು ಮಾತೂ ನನ್ನ ನೋಟ್‌ಬುಕ್ಕಿನದು. ಅವಳು ನನ್ನನ್ನು ದೂರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಕೆಟ್ಟ ಬೈಗುಳ ತಿಂದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮುಂದಿನ ಭಾನುವಾರ ಹೊಸ ಉತ್ತರಗಳನ್ನು ಬರೆಯಲು ಕೂತೆವು. ಎಂದಾದರೂ ತಪ್ಪು ಮಾಡಿದ್ದೀರಾ ಎನ್ನುವಲ್ಲಿ ನನ್ನ ಪೆನ್ನು ನಿಂತಿತು. ಒಂದು ಸಣ್ಣ, ನೋಡಲು ಚೆನ್ನಾಗಿರುವ ತಪ್ಪನ್ನು ಹೊಲಿದುಕೊಡೋಣ ಅಂದೆ. ಶೇಂಗಾ ಸುಲಿಯುತ್ತ ಕೂತಿದ್ದ ಅತ್ತೆ ತಲೆ ಎತ್ತಿದರು.

"ಹೊಲಿಯೋದ್ಯಾಕ್ರಿ? ನೀವ್ ಇಷ್ಟ್ ವರ್ಷ ದವಾಖಾನ್ಯಾಗ ಇದ್ರಿ. ನೀವ್ ಒಂದೂ ತಪ್ಪ್ ಮಾಡಿಲ್ಲೇನು?"

"ಇಲ್ಲ" ಎಂದು ಬಾಯಿಗೆ ಬಂತು. ಇಪ್ಪತ್ತು ವರ್ಷದಿಂದ ಅದೇ ಬಾಯಿಗೆ ಬರುತ್ತಿತ್ತು. ಆದರೆ ಆ ಹೆಂಗಸಿನ ಕಣ್ಣು ನನ್ನ ಮುಖದ ಮೇಲಿಂದ ಕದಲಲಿಲ್ಲ. ಅಲ್ಲಿಯವರೆಗೆ ನನ್ನ ಗಂಡನಿಗೂ ಹೇಳದಿದ್ದ ಒಂದು ಸಂಗತಿಯನ್ನು ನಾನು ಅವರಿಬ್ಬರಿಗೆ ಹೇಳಿದೆ.

ಮಸ್ಕತ್ತಿಗೆ ಹೋಗುವ ಮೊದಲು ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಅದು ಯಾವ ಊರೆಂಬುದು ಇಲ್ಲಿ ಬೇಡ. ನಲವತ್ತು ಹಾಸಿಗೆಗೆ ನಾನೊಬ್ಬಳು. ಒಂದು ಬೆಳಿಗ್ಗೆ ಮಾತ್ರೆ ಕೊಡುತ್ತ ಹೋಗುವಾಗ ಒಬ್ಬ ಮುದುಕರು, "ಸಿಸ್ಟರ್, ನನ್ನ ಮಾತ್ರೆ ಬಿಳಿಯದಲ್ಲವೇ?" ಎಂದು ಕೇಳಿದರು. "ನಿಮಗಿಂತ ನನಗೆ ಗೊತ್ತು, ನುಂಗಿ" ಎಂದು ಗದರಿದೆ. ಅದು ಪಕ್ಕದ ಹಾಸಿಗೆಯವರ ಬಿಪಿ ಮಾತ್ರೆ. ಮಧ್ಯಾಹ್ನ ಅವರು ಎದ್ದು ನಿಲ್ಲಲು ಹೋಗಿ ತಲೆ ತಿರುಗಿ ಬಿದ್ದರು. ದೊಡ್ಡ ಏಟೇನೂ ಆಗಲಿಲ್ಲ, ಸಂಜೆಗೆ ಸುಧಾರಿಸಿಕೊಂಡರು. ನಾನು ಚಾರ್ಟಿನಲ್ಲಿ "ತಲೆಸುತ್ತು" ಎಂದಷ್ಟೇ ಬರೆದೆ. ಡಾಕ್ಟರಿಗೆ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ. ಮಾರನೆಯ ದಿನ ಅವರು ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳುವಾಗ ಏನೂ ಕೇಳಲಿಲ್ಲ, ಸುಮ್ಮನೆ ನುಂಗಿದರು.

ಅತ್ತೆ ಸುಲಿದ ಶೇಂಗಾವನ್ನು ನನ್ನ ಅಂಗೈಗೆ ಸುರಿದು, "ತಿನ್ರಿ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ಈಗ ನೀ ಹೇಳಲೇ."

ಅವಳಿಗೆ ಹುಡುಕಬೇಕಾಗಿಯೇ ಬರಲಿಲ್ಲ. ಎರಡು ವರ್ಷದ ಹಿಂದೆ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಒಬ್ಬ ಡ್ರೈವರ್ ಮುಂಗೈ ಸೀಳಿಕೊಂಡು ಬಂದಿದ್ದ. ರಕ್ತ ನಿಲ್ಲಲೆಂದು ತೋಳಿಗೆ ರಬ್ಬರ್ ಕೊಳವೆ ಬಿಗಿದು, ಪಟ್ಟಿ ಕಟ್ಟಿ ಜೀಪಿನಲ್ಲಿ ಕಳಿಸಿದಳು. ಹೊರಗೆ ಐವತ್ತು ಜನರ ಸಾಲು. ಕೊಳವೆ ಕಟ್ಟಿದ ಹೊತ್ತನ್ನು ಚೀಟಿಯಲ್ಲಿ ಬರೆದಿರಲಿಲ್ಲ, ಸಡಿಲಿಸಲೂ ಇಲ್ಲ. ಹಾಗೇ ಬಿಟ್ಟರೆ ಕೈಯೇ ಹೋಗಬಹುದು. ನೆನಪಾದ ಕೂಡಲೇ ಗೇಟಿಗೆ ಫೋನ್ ಮಾಡಿ ಜೀಪು ನಿಲ್ಲಿಸಿ, ಧೂಳಿನಲ್ಲಿ ಅಲ್ಲಿಯವರೆಗೆ ಓಡಿ, ಕೊಳವೆ ಸಡಿಲಿಸಿ, ಹೊತ್ತು ಬರೆದು ಕಳಿಸಿದಳು. ವಾರಕ್ಕೊಮ್ಮೆ ಬರುವ ಡಾಕ್ಟರಿಗೆ ತಾನೇ ಹೇಳಿದಳು. ಮ್ಯಾನೇಜರನ ಬೆನ್ನು ಬಿದ್ದು ಶಿಫ್ಟ್ ಬದಲಾಗುವ ಹೊತ್ತಿಗೆ ಒಬ್ಬ ಕಾಂಪೌಂಡರನನ್ನು ಹಾಕಿಸಿಕೊಂಡಳು.

"ಆದ್ರ ಆ ಡ್ರೈವರ್ ಕೈ ಏನಾತು ಅಂತ ಇವತ್ತಿನ ತನಕ ಗೊತ್ತಿಲ್ರಿ" ಎಂದಳು. ಅವಳ ಮುಖ ಸಣ್ಣದಾಗಿತ್ತು.

ನಾನು ಹಣೆ ಹಣೆ ಚಚ್ಚಿಕೊಂಡೆ. ಇಷ್ಟು ಚಿನ್ನದಂಥ ಉತ್ತರ ಮಡಿಲಲ್ಲಿಟ್ಟುಕೊಂಡವಳಿಗೆ ನಾನು "ಎಂದೂ ಇಲ್ಲ" ಎಂದು ಹೇಳಿಸಿದ್ದೆ!

ಫೋನ್ ಬರಬೇಕಾಗಿದ್ದದ್ದು ಒಂದು ಗುರುವಾರ ಮಧ್ಯಾಹ್ನ ಮೂರೂವರೆಗೆ, ನಮ್ಮ ಮನೆಯ ಲ್ಯಾಂಡ್‌ಲೈನಿಗೆ. ಸ್ಪೀಕರ್ ಗುಂಡಿ ಒತ್ತಿಟ್ಟು ಕೂತೆವು. ನಡುವೆ ಬಾಯಿ ಹಾಕುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ನಂಬಿಕೆ ಸಾಲದೆ ಅತ್ತೆ ಒಂದು ಇಡೀ ಶೇಂಗಾ ಉಂಡೆಯನ್ನು ನನ್ನ ಬಾಯಿಗೆ ತುರುಕಿದರು.

ಸರಿಯಾಗಿ ಮೂರಕ್ಕೆ ದೊಡ್ಡ ರಸ್ತೆ ಜಾಮ್ ಆಗಿ ಲಾರಿಗಳೆಲ್ಲ ನಮ್ಮ ರಸ್ತೆಗೆ ತಿರುಗಿದ್ದವು. ಫೋನ್ ಬಂತು. ಆ ಕಡೆಯ ಹೆಂಗಸು ನಮಸ್ಕಾರ ಹೇಳಿದ್ದಷ್ಟೇ ಕೇಳಿಸಿತು, ಮಿಕ್ಕಿದ್ದನ್ನು ಹಾರನ್ನು ನುಂಗಿತು. "ಕ್ಷಮಿಸಿ, ಇನ್ನೊಮ್ಮೆ ಹೇಳಿ" ಎಂದು ಇವಳು ಮೂರು ಸಲ ಕೇಳಿದಳು. ಅವಳ ಕುತ್ತಿಗೆಯ ಮೇಲೆ ಬೆವರು ಇಳಿಯತೊಡಗಿತು. ಅತ್ತೆ ಒಮ್ಮೆ ಸೊಸೆಯನ್ನು, ಒಮ್ಮೆ ಕಿಟಕಿಯನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೊರಗೆ ಹೋದರು.

ಎರಡು ನಿಮಿಷಕ್ಕೆ ಹಾರನ್ನು ನಿಂತಿತು. ಆಮೇಲೆ ಒಂದೊಂದಾಗಿ ಎಂಜಿನ್‌ಗಳು ನಿಂತವು. ಆ ರಸ್ತೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಲೈನ್ ಕಟ್ಟಾಯಿತೇ ಎಂದು ಆ ಕಡೆಯವರೇ ವಿಚಾರಿಸಿದರು.

ಎಷ್ಟು ರೋಗಿಗಳು ಎಂಬ ಪ್ರಶ್ನೆ ಬಂತು. "ದಿನಕ್ಕೆ ಅರವತ್ತು. ಅದು ಹೆಚ್ಚು. ಒಬ್ಬಳಿಗೆ ಅಷ್ಟು ಇರಬಾರದು" ಎಂದಳು ತನ್ನ ಸರಳ ಇಂಗ್ಲಿಷಿನಲ್ಲಿ. ತಪ್ಪಿನ ಪ್ರಶ್ನೆ ಬಂತು. ರಬ್ಬರ್ ಕೊಳವೆಯ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು, ಗೇಟಿನವರೆಗೆ ಓಡಿದ್ದನ್ನು ಮಾತ್ರ ಬಿಟ್ಟುಬಿಟ್ಟಳು. ನಾನು ಉಂಡೆ ತುಂಬಿದ ಬಾಯಲ್ಲೇ ಕೈ ಬೀಸಿ ಓಡುವವರ ಹಾಗೆ ಅಭಿನಯಿಸಿದೆ. ಅವಳು ನನ್ನತ್ತ ನೋಡಲೇ ಇಲ್ಲ.

ಕೊನೆಗೆ, ನಮ್ಮನ್ನು ಏನಾದರೂ ಕೇಳುವುದಿದೆಯೇ ಎಂದರು. ನನ್ನ ನೋಟ್‌ಬುಕ್ಕಿನ ಪ್ರಕಾರ ಇದಕ್ಕೆ "ಏನೂ ಇಲ್ಲ, ಧನ್ಯವಾದ" ಎನ್ನಬೇಕು. ಅವಳು ಕೇಳಿದಳು: "ನಿಮ್ಮಲ್ಲಿ ರೋಗಿ ಗುಣವಾಗಿ ಮನೆಗೆ ಹೊರಟಾಗ, ಬಾಗಿಲ ತನಕ ಹೋಗಿ ಕಳಿಸಿ ಬರಲು ಸಿಸ್ಟರಿಗೆ ಸಮಯ ಇರುತ್ತದೆಯೇ?"

ಮುಗಿಯಿತು ಕತೆ ಎಂದುಕೊಂಡೆ. ಆಮೇಲೆ ಆ ಹೆಂಗಸು ನಕ್ಕಿದ್ದು ಕೇಳಿಸಿತು. "ಎಲ್ಲ ದಿನ ಇರುವುದಿಲ್ಲ. ಕೆಲವು ದಿನ ಇರುತ್ತದೆ" ಎಂದರು.

ಫೋನ್ ಇಟ್ಟು ಇಬ್ಬರೂ ಹೊರಗೆ ಓಡಿದೆವು. ರಸ್ತೆಯ ನಟ್ಟನಡುವೆ ಅತ್ತೆ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಎರಡೂ ಕಡೆ ಕಣ್ಣಿಗೆ ಕಾಣುವಷ್ಟು ದೂರ ಲಾರಿಗಳು. ಡ್ರೈವರುಗಳು ಸುತ್ತ ಕುಕ್ಕರಗಾಲಲ್ಲಿ ಕೂತು ಶೇಂಗಾ ಉಂಡೆ ತಿನ್ನುತ್ತಿದ್ದರು.

"ಏನ್ ಹೇಳಿ ನಿಲ್ಸಿದ್ರಿ ಇವರನ್ನ?" ಎಂದೆ.

"ಇದ್ದಿದ್ದ ಹೇಳಿದೆ. ಗಣಿ ಡಿಸ್ಪೆನ್ಸರಿ ಸಿಸ್ಟರ್ ಫೋನಿನಾಗ ಪರೀಕ್ಷಾ ಕೊಡಾಕ ಹತ್ಯಾಳ, ಇಪ್ಪತ್ ನಿಮಿಷ ಬಾಯಿ ಮುಚ್ಚರಿ ಅಂದೆ."

ಒಬ್ಬ ಡ್ರೈವರ್ ಎದ್ದು ಬಂದು ಇವಳ ಮುಂದೆ ತಲೆ ಬಗ್ಗಿಸಿ ಕೂದಲು ಸರಿಸಿದ. "ನೋಡ್ರಿ ಸಿಸ್ಟರ್, ನೀವ ಹೊಲಿಗಿ ಹಾಕಿದ್ದು. ಗೆರಿ ಸೈತ ಕಾಣಂಗಿಲ್ಲ." ಅವಳು ಆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಮತ್ತೆ ಮತ್ತೆ ನೋಡಿದಳು. ಆಮೇಲೆ ಹೆದರಿ ಹೆದರಿ, ಮುಂಗೈ ಸೀಳಿಕೊಂಡಿದ್ದ ಆ ಇನ್ನೊಬ್ಬ ಡ್ರೈವರನ ಬಗ್ಗೆ ಕೇಳಿದಳು.

"ಅವನಾ? ಸ್ಟೇರಿಂಗ್ ಬಿಟ್ಟು ಮರಿಯಮ್ಮನಹಳ್ಳಿ ಕಡೆ ಡಾಬಾ ಇಟ್ಟಾನ್ರಿ. ಎರಡೂ ಕೈಲೆ ರೊಟ್ಟಿ ಬಡಿತಾನ, ಮಸ್ತ್ ಬಡಿತಾನ!"

ಅವಳು ಅಲ್ಲೇ, ಲಾರಿಯ ಬಂಪರಿಗೆ ಒರಗಿ ಅತ್ತುಬಿಟ್ಟಳು. ಏನಾಯಿತೆಂದು ತಿಳಿಯದೆ ಡ್ರೈವರುಗಳು ಗಾಬರಿಯಾದರು. ಪರೀಕ್ಷೆ ಫೇಲಾಗಿರಬೇಕು ಎಂದುಕೊಂಡು ಒಬ್ಬ ಆ ಫೋನಿನವರನ್ನು ಬಾಯಿ ತುಂಬ ಬೈದ. ನನಗೆ ಅವನ ಮೇಲೆ ಬಹಳ ಅಭಿಮಾನ ಬಂತು.

ಎರಡು ವಾರದಲ್ಲಿ ಆಯ್ಕೆಯಾದ ಕಾಗದ ಬಂತು. ಈ ಸಲ ಪೇಡೆ ಹಂಚಿದ್ದು ಅತ್ತೆ, ಕಾಗದ ಕೈಗೆ ಬಂದ ಮೇಲೆ. ಇಂಗ್ಲಿಷ್ ಪರೀಕ್ಷೆಯ ಅವಧಿ ಮುಗಿಯುವ ಮೊದಲೇ ಎಲ್ಲ ಮುದ್ರೆಗಳೂ ಬಿದ್ದವು. ಅವಳು ಹೊರಟ ದಿನ ಫೈಲನ್ನು ಮತ್ತೆ ನನ್ನ ಟೇಬಲ್ಲಿನ ಮೇಲಿಟ್ಟಿದ್ದಳು. ಆ ಕೆಂಪು ಚೌಕವನ್ನು ನಾನು ಎರಡು ದಿನ ಒರೆಸಲಿಲ್ಲ.

ನೋಟ್‌ಬುಕ್ಕನ್ನು ಹರಿದುಹಾಕಲು ಮನಸ್ಸು ಬರಲಿಲ್ಲ. ಉತ್ತರಗಳಿಗೆಲ್ಲ ಅಡ್ಡಗೆರೆ ಎಳೆದು, ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡೆ. ಹೊಸದಾಗಿ ಬಂದವರಿಗೆ ಮೊದಲು ನನ್ನ ಬಿಳಿ ಮಾತ್ರೆಯ ಕತೆ ಹೇಳುತ್ತಿದ್ದೆ. ಅದನ್ನು ಕೇಳಿದ ಮೇಲೆ ಯಾರೂ ಬಾಯಿಪಾಠದ ಉತ್ತರ ಒಪ್ಪಿಸುತ್ತಿರಲಿಲ್ಲ.

ಅವಳ ಮೊದಲ ಫೋನ್ ಬಂದದ್ದು ಅವಳು ಹೋಗಿ ಒಂದು ತಿಂಗಳಾದ ಮೇಲೆ. ಆವತ್ತು ಅತ್ತೆಯೂ ಮೊಮ್ಮಗಳನ್ನು ಕರೆದುಕೊಂಡು ಕಂಪ್ಲಿಯಿಂದ ಬಂದು ಕಾಯುತ್ತಿದ್ದರು. ಸ್ಪೀಕರ್ ಒತ್ತಿದೆ. ಮೊದಲ ದಿನ ಅವಳಿಗೆ ಆರು ಜನ ರೋಗಿಗಳನ್ನು ಒಪ್ಪಿಸಿದರಂತೆ. ಉಳಿದವರೆಲ್ಲಿ ಎಂದು ಇವಳು ಕೇಳಿದಳಂತೆ. ಇಡೀ ವಾರ್ಡು ಇನ್ನೂ ಅದನ್ನೇ ಹೇಳಿಕೊಂಡು ನಗುತ್ತಿದೆಯಂತೆ. ನಾವೂ ನಕ್ಕೆವು. ಚಳಿ, ಮಳೆ, ಸಪ್ಪೆ ಊಟ ಎಲ್ಲ ಹೇಳಿ ಮುಗಿಸಿ ಅವಳು ಕೊನೆಗೆ ಉಳಿಸಿಟ್ಟಿದ್ದನ್ನು ಹೇಳಿದಳು.

"ಅಕ್ಕಾರ, ಸೊಂಟ ಮುರಕೊಂಡು ಒಬ್ಬಾಕಿ ಅಜ್ಜಿ ಬಂದಿದ್ಲ್ರಿ. ನಾನ ನೋಡಕೊಂಡೆ. ಇವತ್ತ್ ಕೋಲ್ ಹಿಡಕೊಂಡು ತಾನ ನಡಕೊಂತ ಮನಿಗೆ ಹೋದ್ಲು."

"ಬಾಗಿಲ ತನಕ ಹೋದೆಯೇನೇ?" ಎಂದು ಕೇಳಿದೆ.

"ಹೋದೆ ಅಕ್ಕಾರ. ಇವತ್ತ್ ಟೈಮ್ ಇತ್ರಿ."